ಸಾಲಿಮಠದಿಂದ ಸರ್ಕಾರಿ ಸಾಲಿಯವರೆಗೆ: ಮಲಪ್ರಭೆಯ ನಾಲ್ಕು ತಾಲೂಕುಗಳ ಕಲಿಕೆಯ ಕಥೆ



‘ನಮ್ಮ ಶಾಲೆಗಳು ಮಕ್ಕಳ ಸೃಜನಶೀಲತೆಯನ್ನು ಬೆಳೆಸುತ್ತಿವೆಯೇ?’ ಎಂಬ ಪ್ರಶ್ನೆ ಶಿಕ್ಷಣದ ಬಗೆಗಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಒಬ್ಬರು ಪಠ್ಯಪುಸ್ತಕವನ್ನು ದೂರುತ್ತಾರೆ, ಇನ್ನೊಬ್ಬರು ಪರೀಕ್ಷೆಯನ್ನು ದೂರುತ್ತಾರೆ, ಮತ್ತೊಬ್ಬರು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಮಾತು ಮುಗಿದು ಹೋಗುತ್ತದೆ. ಆದರೆ ‘ನಮ್ಮ ಕಾಲ’ ಎಂಬುದು ನಿಜವಾಗಿ ಹೇಗಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇತಿಹಾಸದ ಕಡೆಗೆ ಹೋಗಬೇಕು. ತೆರೆಯ ಮೇಲೆ ಅವಸರದಲ್ಲಿ ಹೇಳಲಾಗದ ಆ ಕಥೆಯನ್ನು ಇಲ್ಲಿ ಸಾವಕಾಶವಾಗಿ ನೋಡೋಣ.

ಇಡೀ ರಾಜ್ಯದ ಕಥೆ ಒಂದು ಲೇಖನದಲ್ಲಿ ಹಿಡಿಯುವಂಥದಲ್ಲ. ಆದ್ದರಿಂದ ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಆರಿಸಿಕೊಳ್ಳುತ್ತೇನೆ: ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ. ಈ ನಾಲ್ಕನ್ನೂ ಮಲಪ್ರಭಾ ನದಿ ಹಾದುಹೋಗುತ್ತದೆ. ಪಶ್ಚಿಮದಲ್ಲಿ ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಬತ್ತದ ಗದ್ದೆ. ಬೈಲಹೊಂಗಲದಲ್ಲಿ ಎರೆಯ ಹೊಲ. ಸವದತ್ತಿ, ರಾಮದುರ್ಗಗಳಲ್ಲಿ ಕಲ್ಲಿನ ಗುಡ್ಡಗಳು, ಜೋಳದ ಸೀಮೆ, ನೇಕಾರರ ಮಗ್ಗಗಳು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲವು ಸಂಪಗಾವ ತಾಲೂಕಿನ ಮುಖ್ಯ ಠಾಣೆಯಾಗಿತ್ತು. ಸವದತ್ತಿಯು ಪರಸಗಡ ತಾಲೂಕಿನ ಠಾಣೆಯಾಗಿತ್ತು. ರಾಮದುರ್ಗ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಭಾವೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. ಕಿತ್ತೂರು ಬಹುಕಾಲ ಬೈಲಹೊಂಗಲ ತಾಲೂಕಿಗೆ ಸೇರಿದ್ದು, ಈಗ ಪ್ರತ್ಯೇಕ ತಾಲೂಕಾಗಿದೆ. ನೆಲ ಒಂದೇ ಆದರೂ ಆಡಳಿತ ಬೇರೆ ಬೇರೆಯಾಗಿತ್ತು ಎಂಬುದನ್ನು ನೆನಪಿನಲ್ಲಿಡಿ.

ಸೃಜನಶೀಲತೆ ಎಂದರೇನು?

ಮೊದಲು ಮಾತಿನ ಅರ್ಥ ಸ್ಪಷ್ಟವಾಗಲಿ. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆ. ಪಿ. ಗಿಲ್‌ಫರ್ಡ್ ತಮ್ಮ ದೇಶದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಭಾಷಣ ಮಾಡುತ್ತ, ವಿಜ್ಞಾನಿಗಳು ಬುದ್ಧಿಶಕ್ತಿಯನ್ನು ಅಳೆಯುವುದರಲ್ಲೇ ಮುಳುಗಿ ಸೃಜನಶಕ್ತಿಯನ್ನು ಕಡೆಗಣಿಸಿದ್ದಾರೆ ಎಂಬ ಕಡೆಗೆ ಗಮನ ಸೆಳೆದರು. ಮುಂದೆ ಅವರು ಎರಡು ಬಗೆಯ ಚಿಂತನೆಗಳನ್ನು ಬೇರ್ಪಡಿಸಿದರು. ಒಂದು ಪ್ರಶ್ನೆಗೆ ಒಂದೇ ಸರಿಯುತ್ತರದ ಕಡೆಗೆ ಸಾಗುವುದು ಒಮ್ಮುಖ ಚಿಂತನೆ. ಒಂದೇ ಪ್ರಶ್ನೆಯಿಂದ ಹಲವು ದಿಕ್ಕುಗಳಿಗೆ ಕವಲೊಡೆಯುವುದು ಬಹುಮುಖ ಚಿಂತನೆ. ‘ಏಳೆಂಟಲ ಎಷ್ಟು?’ ಎಂಬುದು ಮೊದಲನೆಯದಕ್ಕೆ ಉದಾಹರಣೆ. ‘ಉತ್ತರ ಐವತ್ತಾರು ಬರುವಂತೆ ಎಷ್ಟು ಬಗೆಯ ಲೆಕ್ಕ ಕಟ್ಟಬಲ್ಲೆ?’ ಎಂಬುದು ಎರಡನೆಯದಕ್ಕೆ ಉದಾಹರಣೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಸೃಜನಶೀಲತೆ ಎಂದರೆ ಕವಿತೆ ಬರೆಯುವುದು, ಚಿತ್ರ ಬಿಡಿಸುವುದು ಮಾತ್ರ ಎಂದು ಹಲವರು ಭಾವಿಸುತ್ತಾರೆ. ಕೆಟ್ಟುಹೋದ ಪಂಪುಸೆಟ್ಟಿಗೆ ಸೈಕಲ್ ಟ್ಯೂಬಿನ ತುಂಡು ಬಳಸಿ ನೀರು ಎತ್ತುವ ರೈತನಲ್ಲೂ, ಸೀರೆಯ ಅಂಚಿನಲ್ಲಿ ಹೊಸ ಚಿತ್ತಾರ ಮೂಡಿಸಲು ಹಾಸಿನ ಎಳೆಗಳನ್ನು ಎಣಿಸುವ ನೇಕಾರನಲ್ಲೂ ಅದೇ ಶಕ್ತಿ ಕೆಲಸ ಮಾಡುತ್ತದೆ. ತಿಳಿದಿರುವುದನ್ನು ಹೊಸದಾಗಿ ಜೋಡಿಸಿ ಉಪಯುಕ್ತವಾದದ್ದನ್ನು ಕಟ್ಟುವುದೇ ಅದರ ತಿರುಳು. ಅಂದ ಮೇಲೆ ಜೋಡಿಸಲು ಮೊದಲು ಏನಾದರೂ ತಿಳಿದಿರಬೇಕು ಎಂಬುದೂ ಅಷ್ಟೇ ನಿಜ.

ಅಗ್ರಹಾರ, ಉಳಿ ಮತ್ತು ಉಸುಕು

ಈ ನಾಡಿನಲ್ಲಿ ಕಲಿಕೆ ಹೊಸದಲ್ಲ. ಸವದತ್ತಿ ತಾಲೂಕಿನ ಹೂಲಿ ಇಂದು ಒಂದು ಹಳ್ಳಿ. ಶಾಸನಗಳಲ್ಲಿ ಅದು ಸಾವಿರ ಮಹಾಜನರ ಮಹಾಅಗ್ರಹಾರ. ಊರಿನ ಪಂಚಲಿಂಗೇಶ್ವರ ಗುಡಿ ಮತ್ತು ಅದರ ಸುತ್ತಲಿನ ಹಳೆಯ ಗುಡಿಗಳು ಆ ವೈಭವದ ಕುರುಹಾಗಿ ಉಳಿದಿವೆ. ಸವದತ್ತಿಯು ‘ಸುಗಂಧವರ್ತಿ’ ಎಂಬ ಹೆಸರಿನಲ್ಲಿ ರಟ್ಟರ ರಾಜಧಾನಿಯಾಗಿತ್ತು. ಆದರೆ ಅಗ್ರಹಾರದ ವಿದ್ಯೆ ಎಲ್ಲರಿಗೂ ತೆರೆದಿರಲಿಲ್ಲ. ಅದು ಕೆಲವು ಮನೆತನಗಳ ಸ್ವತ್ತಾಗಿತ್ತು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ವಿದ್ಯೆಯೂ ನಡೆದಿತ್ತು. ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಅದನ್ನು ಕಟ್ಟಿದ ಶಿಲ್ಪಿಯ ಹೆಸರು ತಿಪ್ಪೋಜ. ತಿಪ್ಪೋಜನಂಥವರು ಕಲಿತದ್ದು ಪಾಠಶಾಲೆಯಲ್ಲಲ್ಲ. ಉಳಿ ಸುತ್ತಿಗೆಗಳ ಸಪ್ಪಳದ ನಡುವೆ, ಹಿರಿಯರ ಕೈಕೆಲಸ ನೋಡುತ್ತ. ಅಲ್ಲಿ ಅಳತೆ ತಪ್ಪಿದರೆ ಕಲ್ಲೇ ಒಡೆದು ತೋರಿಸುತ್ತದೆ. ಬೇರೆ ಪರೀಕ್ಷಕ ಬೇಕಿಲ್ಲ. ಆದರೆ ಆ ವಿದ್ಯೆಯೂ ಮನೆತನದ ಗೋಡೆ ದಾಟಲಿಲ್ಲ. ಪುಸ್ತಕ ಓದುವವನಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ, ಉಳಿ ಹಿಡಿಯುವವನಿಗೆ ಪುಸ್ತಕ ಸಿಗುತ್ತಿರಲಿಲ್ಲ. ನಮ್ಮ ಶಿಕ್ಷಣದ ದೊಡ್ಡ ಬಿರುಕು ಇಲ್ಲಿಂದಲೇ ಆರಂಭ.

ಬ್ರಿಟಿಷರಿಗಿಂತ ಮೊದಲು ಸಾಮಾನ್ಯರ ಮಕ್ಕಳಿಗೆ ಅಕ್ಷರ ಸಿಗುತ್ತಿದ್ದುದು ಊರ ಮಠಗಳಲ್ಲಿ. ಉತ್ತರ ಕರ್ನಾಟಕದಲ್ಲಿ ‘ಮಠ’ ಎಂದರೆ ಶಾಲೆ ಎಂಬ ಅರ್ಥವೂ ಬಳಕೆಯಲ್ಲಿತ್ತು. ಕೂಲಿ ಪಡೆದು ಕಲಿಸುವ ಕಾರಣ ಅವುಗಳಿಗೆ ಕೂಲಿಮಠ ಎಂದೂ ಹೆಸರಿತ್ತು. ‘ಸಾಲಿಮಠ’ ಎಂಬ ಅಡ್ಡಹೆಸರಿನ ಮನೆತನಗಳನ್ನು ನೀವು ಬಲ್ಲಿರಿ. ಅದು ಆ ಕಾಲದ ನೆನಪು. ಮಕ್ಕಳು ನೆಲದ ಮೇಲೆ ಉಸುಕು ಹರವಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿಯ ಜತೆಗೆ ಕಾಲು, ಅರ್ಧ, ಒಂದೂವರೆಗಳ ಮಗ್ಗಿಗಳನ್ನೂ, ಅಂದರೆ ಪಾವಕಿ, ನಿಮಕಿ, ದೀಡಕಿಗಳನ್ನೂ, ಒಟ್ಟಾಗಿ ರಾಗವಾಗಿ ಹೇಳುತ್ತಿದ್ದರು. ಸಂತೆಯಲ್ಲಿ ಕಾಗದ ಪೆನ್ಸಿಲ್ಲಿಲ್ಲದೆ ಎರಡೂವರೆ ಸೇರಿನ ಬೆಲೆ ಹೇಳುವ ಅಜ್ಜಂದಿರನ್ನು ತಯಾರಿಸಿದ್ದು ಈ ಬಾಯಿಪಾಠವೇ. ಬೆತ್ತದ ಏಟು, ಕೋದಂಡದ ಶಿಕ್ಷೆ ಇದ್ದವು. ಹೆಣ್ಣುಮಕ್ಕಳಿಗೆ, ದಲಿತರ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಹಳೆಯದನ್ನು ಹೊಗಳುವಾಗ ಇದನ್ನು ಮರೆಯಬಾರದು.

ಕಿತ್ತೂರಿನ ಸೆರೆಯಾಳು, ಧಾರವಾಡದ ಶಾಲೆ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಿಮಗೆ ಗೊತ್ತು. ಆ ದಿನ ಸೆರೆ ಸಿಕ್ಕವರಲ್ಲಿ ವಾಲ್ಟರ್ ಎಲಿಯಟ್ ಎಂಬ ಇಪ್ಪತ್ತೊಂದು ವರ್ಷದ ಅಧಿಕಾರಿಯೂ ಒಬ್ಬ. ರಾಣಿ ಚೆನ್ನಮ್ಮನ ಸೆರೆಯಲ್ಲಿ ಕೆಲವು ವಾರ ಕಳೆದು ಬಿಡುಗಡೆಯಾದ ಈತ ಮುಂದೆ ಈ ಸೀಮೆಯ ಪ್ರಾಣಿಪಕ್ಷಿಗಳನ್ನು ಅಭ್ಯಾಸ ಮಾಡಿದ, ನೂರಾರು ಶಾಸನಗಳ ಪ್ರತಿ ಮಾಡಿಸಿದ. 1830ರ ಸುಮಾರಿಗೆ ಧಾರವಾಡದಲ್ಲಿ ಕನ್ನಡ ಶಾಲೆ ಆರಂಭವಾಗಲು ಕಾರಣನಾದವರಲ್ಲಿ ಈತನನ್ನು ನೆನೆಯುತ್ತಾರೆ. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯ ಸೆರೆಯಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಆಗ ಈ ಭಾಗವನ್ನು ಬ್ರಿಟಿಷರು ‘ದಕ್ಷಿಣ ಮರಾಠಾ ದೇಶ’ ಎಂದೇ ಕರೆಯುತ್ತಿದ್ದರು. ಕಚೇರಿಯ ಭಾಷೆ ಮರಾಠಿ. ಅನೇಕ ಶಾಲೆಗಳ ಭಾಷೆಯೂ ಅದೇ. ಮನೆಯಲ್ಲಿ ಕನ್ನಡ ಆಡುವ ಮಗು ಸಾಲಿಯ ಹೊಸ್ತಿಲು ದಾಟಿದೊಡನೆ ಮೂಕವಾಗುತ್ತಿತ್ತು. ಮಾತೇ ಬಾರದ ಮಗು ಪ್ರಶ್ನೆ ಕೇಳುವುದು ಹೇಗೆ? ಸೃಜನಶೀಲತೆಯ ಮೊದಲ ಮೆಟ್ಟಿಲು ಪ್ರಶ್ನೆ. ಪ್ರಶ್ನೆಯ ಮೊದಲ ಮೆಟ್ಟಿಲು ಮನೆಮಾತು.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚೆನ್ನಬಸಪ್ಪನವರು (1834-1881). ಧಾರವಾಡದಲ್ಲಿ ಹುಟ್ಟಿ, ಇಂಗ್ಲಿಷ್ ಕಲಿಯಲೆಂದು ಪುಣೆಗೆ ಹೋದ ಈ ತರುಣ, ಹಿಂದಿರುಗಿ ಬಂದು ಶಿಕ್ಷಣ ಇಲಾಖೆ ಸೇರಿದರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಶಿಕ್ಷಕರನ್ನು ತಯಾರು ಮಾಡಿದರು. ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿ ಕನ್ನಡ ಶಾಲೆಗಳಿಗೆ ಜೀವ ತುಂಬಿದರು. ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಆಟ’ ಎಂದು ಕನ್ನಡಕ್ಕೆ ತಂದವರೂ ಅವರೇ. ಆ ಹೆಸರನ್ನು ಗಮನಿಸಿ: ‘ನಾಟಕ’ ಎನ್ನಲಿಲ್ಲ, ಜನರು ಬಲ್ಲ ‘ಆಟ’ ಎಂಬ ಮಾತನ್ನು ಆರಿಸಿಕೊಂಡರು. 1865ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರಿಗಾಗಿ ಕನ್ನಡ ಪತ್ರಿಕೆಯೊಂದು ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು, ‘ಜೀವನ ಶಿಕ್ಷಣ’ ಮಾಸಪತ್ರಿಕೆ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಅಲ್ಲಿಯೇ. ಹಳ್ಳಿಯ ಮಾಸ್ತರನಿಗೂ ಓದಲು, ಬರೆಯಲು ಒಂದು ವೇದಿಕೆ ಬೇಕೆಂಬ ಅರಿವು ಅಷ್ಟು ಹಿಂದೆಯೇ ಇತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಮತ್ತು ಲಾವಣಿ

ಕನ್ನಡ ಶಾಲೆಗಳು ಬಂದವು. ಆದರೆ ಅವುಗಳ ಜತೆಗೇ ಇನ್ನೊಂದು ರೋಗವೂ ಬಂತು. ಇಂಗ್ಲೆಂಡಿನಲ್ಲಿ 1862ರ ನಿಯಮಾವಳಿಯ ಪ್ರಕಾರ ಶಾಲೆಯ ಅನುದಾನವನ್ನು ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಗಂಟು ಹಾಕಲಾಯಿತು. ಈ ಪದ್ಧತಿ ಹಿಂದುಸ್ಥಾನಕ್ಕೂ ಬಂತು. ಊರ ಶಾಲೆಗಳಿಗೂ ಫಲಿತಾಂಶ ನೋಡಿಯೇ ಅನುದಾನ ಕೊಡಬೇಕೆಂದು 1882ರ ಹಂಟರ್ ಆಯೋಗ ಶಿಫಾರಸು ಮಾಡಿತು. ಇದರ ಪರಿಣಾಮವನ್ನು ನೀವೇ ಊಹಿಸಬಲ್ಲಿರಿ. ಇನ್‌ಸ್ಪೆಕ್ಟರರು ಬರುವ ದಿನ ಮಗು ತಪ್ಪಿಲ್ಲದೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಶಾಲೆಯ ಹಣಕ್ಕೇ ಕತ್ತರಿ. ಹೀಗಿರುವಾಗ ಮಗುವಿನ ಹೊಸ ಪ್ರಶ್ನೆಗೆ ಕಿವಿಗೊಡುವ ಧೈರ್ಯ ಯಾವ ಮಾಸ್ತರನಿಗೆ ಬಂದೀತು? ಮುಲ್ಕಿ ಪರೀಕ್ಷೆ ಪಾಸಾದವನಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆಯುತ್ತಿದ್ದುದರಿಂದ ತಂದೆತಾಯಿಗಳೂ ಅದನ್ನೇ ಬಯಸಿದರು. ಇಂದು ನಾವು ಬಯ್ಯುವ ಅಂಕಗಳ ಓಟ ನಿನ್ನೆ ಮೊನ್ನೆಯದಲ್ಲ. ಅದಕ್ಕೆ ನೂರೈವತ್ತು ವರ್ಷಗಳ ವಯಸ್ಸಾಗಿದೆ.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳಬೇಕು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ಇನ್‌ಸ್ಪೆಕ್ಟರ್ ಆಗಿ ಬಂದವರು ಜೆ. ಎಫ್. ಫ್ಲೀಟ್. ಶಾಸನ ಸಂಶೋಧಕರೆಂದು ನೀವು ಇತಿಹಾಸದ ಪುಸ್ತಕದಲ್ಲಿ ಓದುವ ಫ್ಲೀಟರು ಇವರೇ. ಇವರಿಗೆ ಹಳ್ಳಿಗರು ಹಾಡುವ ಲಾವಣಿಗಳೂ ಕಿವಿಗೆ ಬಿದ್ದವು. ಅವುಗಳನ್ನು ಬರೆಯಿಸಿಕೊಂಡು, ಇಂಗ್ಲಿಷ್ ಅನುವಾದದೊಡನೆ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯಿತ್ತು, ಸಂಗ್ಯಾನ ಲಾವಣಿಯೂ ಇತ್ತು. ಶಾಲೆಗಳನ್ನು ತಪಾಸಣೆ ಮಾಡುವ ಇಲಾಖೆಯಲ್ಲಿದ್ದ ಅಧಿಕಾರಿಗೆ ಈ ಹಾಡುಗಳು ಸಂಗ್ರಹಯೋಗ್ಯವಾಗಿ ಕಂಡವು. ಅದೇ ಇಲಾಖೆಯ ಶಾಲೆಗಳಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಬ್ರಿಟಿಷರ ವಿರುದ್ಧ ಹೋರಾಡಿದ ರಾಯಣ್ಣನ ಕಥೆ ಬ್ರಿಟಿಷರ ಪಠ್ಯದಲ್ಲಿ ಬರುವಂತೆಯೂ ಇರಲಿಲ್ಲ. ಅದನ್ನು ಉಳಿಸಿದ್ದು ಶಾಲೆಯಲ್ಲ, ಶಾಲೆಯ ಹೊರಗಿನ ಗಂಟಲುಗಳು.

ಇನ್ನೊಂದು ಸಾಲಿ

ಆ ಹೊರಗಿನ ಸಾಲಿ ಹೇಗಿತ್ತು? ‘ಮಾಸ್ತರ’ ಎಂಬ ಮಾತಿಗೆ ಈ ಸೀಮೆಯಲ್ಲಿ ಎರಡು ಅರ್ಥ. ಒಬ್ಬ ಸಾಲಿಯ ಮಾಸ್ತರ, ಇನ್ನೊಬ್ಬ ಆಟ ಕಲಿಸುವ ಮಾಸ್ತರ. ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಬೈಲಹೊಂಗಲದ ಹತ್ತಿರದ ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದರೆಂದು ಜನ ಹೇಳುತ್ತಾರೆ. ಇದು ದೇವರ ಕಥೆಯಲ್ಲ, ರಾಜರ ಕಥೆಯಲ್ಲ. ಬೈಲಹೊಂಗಲದ ಪೇಟೆಯಲ್ಲಿ 19ನೆಯ ಶತಮಾನದಲ್ಲಿ ನಡೆಯಿತೆನ್ನುವ ಒಂದು ಪ್ರೇಮ, ಒಂದು ಸ್ನೇಹದ್ರೋಹ, ಒಂದು ಕೊಲೆಯ ಕಥೆ. ಕಣ್ಣೆದುರಿನ ಬದುಕನ್ನೇ ಆಟಕ್ಕೆ ತರಬಹುದೆಂದು ಕಂಡುಕೊಂಡದ್ದು ಎಷ್ಟು ದೊಡ್ಡ ಹೆಜ್ಜೆ ಎಂಬುದನ್ನು ಯೋಚಿಸಿ.

ಗೀಗೀ ಮೇಳಗಳನ್ನು ನೋಡಿ. ಡಪ್ಪು, ತುಂತುಣಿ, ತಾಳಗಳೊಡನೆ ಹರದೇಶಿಯವರು, ನಾಗೇಶಿಯವರು ಎದುರುಬದುರು ನಿಲ್ಲುತ್ತಾರೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ವಾದ ಹೂಡುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಇದಕ್ಕೆ ಬೇಕಾದುದು ಎರಡು: ಪುರಾಣ, ಗಾದೆ, ಒಗಟು, ಛಂದಸ್ಸುಗಳ ದೊಡ್ಡ ನೆನಪಿನ ಕಣಜ, ಆ ಕಣಜದಿಂದ ಬೇಕಾದ ಕಾಳನ್ನು ತಕ್ಷಣ ಆರಿಸಿ ಹೊಸದಾಗಿ ಜೋಡಿಸುವ ಚುರುಕು. ಬಾಯಿಪಾಠ ಸೃಜನಶೀಲತೆಯ ವೈರಿ ಎನ್ನುವವರು ಈ ಹಾಡುಗಾರರನ್ನು ಗಮನಿಸಬೇಕು. ಇಲ್ಲಿ ನೆನಪಿನಲ್ಲಿ ತುಂಬಿಟ್ಟುಕೊಳ್ಳುವುದು ಬಳಸುವುದಕ್ಕಾಗಿ. ಶಾಲೆಯಲ್ಲಿ ತುಂಬಿಟ್ಟುಕೊಳ್ಳುವುದು ಒಪ್ಪಿಸುವುದಕ್ಕಾಗಿ. ಒಪ್ಪಿಸಿದ ಮರುದಿನ ಅದು ಮರೆತುಹೋಗುತ್ತದೆ. ದೋಷ ಬಾಯಿಪಾಠದಲ್ಲಿಲ್ಲ, ಬಾಯಿಪಾಠದ ನಂತರ ಏನೂ ನಡೆಯದಿರುವುದರಲ್ಲಿದೆ.

ಇದೇ ಹೊರಗಿನ ಸಾಲಿಯಲ್ಲಿ ಬೆಳೆದವರು ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು. 1914ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ರಂಗವೇರಿ, ಮುಂದೆ ‘ಕಲಾವೈಭವ ನಾಟ್ಯ ಸಂಘ’ವನ್ನು ಕಟ್ಟಿ, ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ನಾಡಿನ ಮನೆಮಾತಾದರು. 2017ರ ಆಗಸ್ಟಿನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ನಾಟಕ ಕಂಪನಿಯೇ ಅವರ ವಿಶ್ವವಿದ್ಯಾಲಯವಾಗಿತ್ತು.

ಆದರೆ ಹೊರಗಿನ ಸಾಲಿಯಲ್ಲೂ ಎಲ್ಲವೂ ಸುಂದರವಾಗಿರಲಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಕೇಳಿಬರುವ ಚೌಡಿಕೆಯ ಪದಗಳು ಅಪೂರ್ವ ಕಲೆ. ಆ ಕಲೆಯ ಹಿಂದೆ, ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಕ್ರೂರ ಪದ್ಧತಿಯೂ ಇತ್ತು. ಕರ್ನಾಟಕ ಸರ್ಕಾರ 1982ರ ಕಾಯಿದೆಯಿಂದ ಅದನ್ನು ನಿಷೇಧಿಸಿತು. ಹಾಡು ಉಳಿಯಬೇಕು, ಹಾಡುವವಳ ಸಂಕೋಲೆ ಕಳಚಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸಬಲ್ಲ ಜಾಗ ಶಾಲೆಯಲ್ಲದೆ ಬೇರೆ ಯಾವುದು? ‘ಶಾಲೆಗಿಂತ ಬಯಲೇ ಮೇಲು’ ಎಂದು ಯಾರಾದರೂ ಹೇಳಿದರೆ ಈ ಮಾತನ್ನು ನೆನಪಿಸಿ.

ಆಸ್ತಿಯನ್ನೇ ಕೊಟ್ಟ ದೇಸಾಯಿ, ಬದುಕನ್ನೇ ಕೊಟ್ಟ ಏಳು ಮಂದಿ

ಪ್ರತಿಭೆ ಅರಳಲು ಹಣವೂ ಬೇಕು. ಹೈಸ್ಕೂಲಿಗಾಗಿ ಹಳ್ಳಿ ಬಿಟ್ಟು ಪಟ್ಟಣ ಸೇರಬೇಕಾಗಿದ್ದ ಕಾಲದಲ್ಲಿ ಬಡ ಹುಡುಗನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಾಯಿ ಲಿಂಗರಾಜರು (1861-1906) ಇದನ್ನು ಕಂಡರು. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿ ಸಂಸ್ಥಾನಕ್ಕೆ ದತ್ತಕ ಬಂದ ಅವರಿಗೆ ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನು ಸಮಾಜದ ಬಡ ಹುಡುಗರ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಅವರು ತೀರಿದ ಮೇಲೆ ಬಹು ವರ್ಷ ಕೋರ್ಟಿನ ವ್ಯಾಜ್ಯ ನಡೆಯಿತು. ಕೊನೆಗೆ ನವಲಗುಂದ-ಸಿರಸಂಗಿ ಟ್ರಸ್ಟ್ ಕೆಲಸ ಆರಂಭಿಸಿ ಅನೇಕ ವಿದ್ಯಾರ್ಥಿಗಳ ಕೈ ಹಿಡಿಯಿತು.

1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಒಂದು ಹೈಸ್ಕೂಲು ತೆರೆದರು. ಎಸ್. ಎಸ್. ಬಸವನಾಳ, ಎಂ. ಆರ್. ಸಾಖರೆ, ಬಿ. ಬಿ. ಮಮದಾಪುರ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ, ಎಚ್. ಎಫ್. ಕಟ್ಟೀಮನಿ ಮತ್ತು ವಿ. ವಿ. ಪಾಟೀಲ ಇವರೇ ಆ ‘ಸಪ್ತರ್ಷಿಗಳು’. ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರ ಹೆಸರಿನ ಆ ಶಾಲೆಯೇ ಕರ್ನಾಟಕ ಲಿಬರಲ್ ಎಜುಕೇಶನ್ ಸೊಸೈಟಿಯ, ಅಂದರೆ ಕೆ.ಎಲ್.ಇ. ಸಂಸ್ಥೆಯ ಬೀಜ. 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ಮಲಪ್ರಭೆಯ ದಂಡೆಯ ಹಳ್ಳಿಗಳ ಹುಡುಗರಿಗೆ ಉಚ್ಚ ಶಿಕ್ಷಣ ಹತ್ತಿರಕ್ಕೆ ಬಂತು.

ಹೆಣ್ಣುಮಕ್ಕಳ ಸರದಿ ಬರಲು ಇನ್ನೂ ಕಾಯಬೇಕಾಯಿತು. 1969ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಬಾಲಕಿಯರ ವಸತಿ ಸೈನಿಕ ಶಾಲೆ ಆರಂಭವಾಯಿತು. ಸೈನಿಕ ಶಾಲೆ ಎಂದರೆ ಗಂಡುಹುಡುಗರದು ಎಂಬ ಕಾಲದಲ್ಲಿ ಅಲ್ಲಿ ಹುಡುಗಿಯರು ಕುದುರೆ ಏರಿದರು, ಗುರಿ ಹಿಡಿದರು, ವಿಜ್ಞಾನ ಓದಿದರು. ‘ನಿನ್ನಿಂದ ಆಗದು’ ಎಂಬ ಮಾತನ್ನು ಮಗುವಿನ ಮನಸ್ಸಿನಿಂದ ಅಳಿಸುವುದು ಸೃಜನಶೀಲತೆಗೆ ಹಾದಿ ಮಾಡಿದಂತೆಯೇ.

ಒಳಗೂ ಹೊರಗೂ ಸೇತುವೆ

ಈ ಎರಡು ಸಾಲಿಗಳ ನಡುವೆ ಸೇತುವೆ ಕಟ್ಟುವ ಯತ್ನಗಳು ದೇಶದಲ್ಲಿ ಅಲ್ಲಲ್ಲಿ ನಡೆದವು. 1901ರಲ್ಲಿ ರವೀಂದ್ರನಾಥ ಟಾಗೋರರು ಶಾಂತಿನಿಕೇತನದಲ್ಲಿ ಮರದ ಕೆಳಗೆ ಪಾಠ ಆರಂಭಿಸಿದರು. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಹೊಡೆತವಿಲ್ಲದ ಬಾಲಮಂದಿರ ತೆರೆದರು. ನಮ್ಮಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸಿದರು. 1937ರಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಸುವ ಮೂಲಶಿಕ್ಷಣವನ್ನು ಮುಂದಿಟ್ಟರು. ರಾಮದುರ್ಗದ ಮಗ್ಗವನ್ನು ಮನಸ್ಸಿನ ಮುಂದೆ ತಂದುಕೊಳ್ಳಿ. ಹಾಸು ಹೊಕ್ಕುಗಳ ಎಣಿಕೆಯಲ್ಲಿ ಗಣಿತವಿದೆ, ಬಣ್ಣ ಹಾಕುವುದರಲ್ಲಿ ರಸಾಯನಶಾಸ್ತ್ರವಿದೆ, ನೂಲಿನ ಬೆಲೆಯಲ್ಲಿ ಅರ್ಥಶಾಸ್ತ್ರವಿದೆ. ವಿಚಾರ ಸರಿಯಾಗಿಯೇ ಇತ್ತು. ಆದರೆ ಕೊನೆಯ ಪರೀಕ್ಷೆ ಹಳೆಯದೇ ಉಳಿದದ್ದರಿಂದ, ಮೂಲಶಿಕ್ಷಣವೆಂದರೆ ಬಡವರ ಶಿಕ್ಷಣ ಎಂದು ತಂದೆತಾಯಿಗಳು ಹಿಂಜರಿದರು. ಪಾಠ ಬದಲಿಸಿ ಪರೀಕ್ಷೆ ಬದಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಸಾಹಿತ್ಯದಲ್ಲಿ ಸೇತುವೆ ಕಟ್ಟಿದವರು ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು. ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಪುಸ್ತಕವಾಗಿಸಿದವರು ಅವರು, ಬಯಲಾಟದ ಸತ್ವವನ್ನು ಹೊಸ ನಾಟಕಕ್ಕೆ ತಂದವರೂ ಹೌದು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು. ಫ್ಲೀಟರ ಕಾಲದಲ್ಲಿ ಶಾಲೆಯ ಹೊರಗಿದ್ದ ಸಂಗ್ಯಾನ ಕಥೆ ಹೀಗೆ ಕಾಲೇಜಿನ ತರಗತಿಯೊಳಗೆ ಬಂದು ಕುಳಿತಿತು.

1990ರ ದಶಕದಲ್ಲಿ ಸರ್ಕಾರದ ಕಡೆಯಿಂದಲೂ ಗಾಳಿ ಬೀಸಿತು. 1993ರಲ್ಲಿ ವಿಜ್ಞಾನಿ ಯಶಪಾಲರ ಸಮಿತಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿ ಕೊಟ್ಟು, ಮಗುವಿನ ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ದೊಡ್ಡದು ಎಂದು ತೋರಿಸಿತು. 1994ರ ಸುಮಾರಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡ ನಾಲ್ಕು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಉಳಿದವು ಕೋಲಾರ, ಮಂಡ್ಯ, ರಾಯಚೂರು. ಶಿಕ್ಷಕರು ತರಬೇತಿಗಳಲ್ಲಿ ತಾವೇ ಹಾಡಿ ಕುಣಿದು ಕಲಿತರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. 2000ದ ದಶಕದಿಂದ ‘ಪ್ರತಿಭಾ ಕಾರಂಜಿ’ ಬಂದು, ಜನಪದ ಗೀತೆ, ಕಥೆ ಹೇಳುವುದು, ಮಣ್ಣಿನ ಮಾದರಿ ಮಾಡುವುದು ಶಾಲೆಯ ಚಟುವಟಿಕೆಗಳಾದವು. ಹಿಂದೆ ಹೊಸ್ತಿಲಿನಾಚೆ ನಿಂತಿದ್ದ ಹಾಡು ಈಗ ಒಳಗೆ ಬಂದಿದೆ. ಆದರೆ ಬಹುಮಾನದ ದಿನ ಬಂದು ಮರುದಿನ ಹೊರಟುಹೋಗುವ ಅತಿಥಿಯಾಗಿ ಬಂದಿದೆಯೋ, ದಿನನಿತ್ಯದ ಪಾಠದಲ್ಲಿ ಮನೆಯವನಾಗಿ ಬಂದಿದೆಯೋ ಎಂಬುದನ್ನು ನಿಮ್ಮ ನಿಮ್ಮ ಶಾಲೆಯಲ್ಲಿ ನೀವೇ ನೋಡಿ ಹೇಳಬೇಕು.

ಈ ಕಥೆಯಿಂದ ನಾವು ತಿಳಿಯುವುದೇನು?

ಮೊದಲನೆಯದಾಗಿ, ಪ್ರತಿಭೆ ಈ ನೆಲದಲ್ಲಿ ಎಂದೂ ಬತ್ತಿರಲಿಲ್ಲ. ಶಾಲೆಗೂ ಅದಕ್ಕೂ ನಡುವೆ ಗೋಡೆಯಿತ್ತು. ಎರಡನೆಯದಾಗಿ, ಮಗುವಿನ ಭಾಷೆ ಒಳಗೆ ಬಂದಾಗ ಮಗುವೂ ಒಳಗೆ ಬಂತು. ಮೂರನೆಯದಾಗಿ, ನೆನಪು ಮತ್ತು ಹೊಸ ಯೋಚನೆ ವೈರಿಗಳಲ್ಲ. ಒಂದು ಹಾಸು, ಇನ್ನೊಂದು ಹೊಕ್ಕು. ನಾಲ್ಕನೆಯದಾಗಿ, ಪರೀಕ್ಷೆ ಏನನ್ನು ಕೇಳುತ್ತದೋ ಶಾಲೆ ಅದನ್ನೇ ಕಲಿಸುತ್ತದೆ. ಕೊನೆಯದಾಗಿ, ಸಾಧನ ಸಂಪತ್ತು ಕಡಿಮೆಯಿದ್ದ ಕಾಲದಲ್ಲೂ ಒಬ್ಬ ಡೆಪ್ಯುಟಿ, ಒಬ್ಬ ದೇಸಾಯಿ, ಏಳು ಮಂದಿ ಮಾಸ್ತರರು ದಾರಿ ಬದಲಿಸಬಲ್ಲವರಾದರು.

ಹಾಗಾದರೆ ನೀವೇನು ಮಾಡಬಹುದು? ಕೆಲವು ಕೆಲಸಗಳನ್ನು ಸೂಚಿಸುತ್ತೇನೆ. ಇವುಗಳಿಗೆ ಯಾರ ಅಪ್ಪಣೆಯೂ, ಹೆಚ್ಚಿನ ಹಣವೂ ಬೇಡ.

ನೇರವಾದ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ ಇದ್ದರೆ ಮಳೆಮಾಪಕ ಸಿದ್ಧ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಾಲ್ಕು ಶಾಲೆಗಳ ಮಕ್ಕಳು ಒಂದೇ ಮಳೆಗಾಲದಲ್ಲಿ ದಿನವೂ ಅಳೆದು ಅಂಕಿಗಳನ್ನು ಪರಸ್ಪರ ಕಳಿಸಿಕೊಳ್ಳಿ. ಪಶ್ಚಿಮದಿಂದ ಪೂರ್ವಕ್ಕೆ ಮಳೆ ಹೇಗೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಬೆಳೆ, ಊಟ, ಹಾಡು ಹೇಗೆ ಬದಲಾಗುತ್ತವೆ ಎಂಬುದು ಪುಸ್ತಕ ತೆರೆಯದೆಯೇ ನಿಮಗೆ ತಿಳಿಯುತ್ತದೆ. ನವಿಲುತೀರ್ಥಕ್ಕೆ ಪ್ರವಾಸ ಹೋದಾಗ ಅಣೆಕಟ್ಟನ್ನು ನೋಡಿ ತಿರುಗಿ ಬರಬೇಡಿ. ಅಷ್ಟು ಗಟ್ಟಿಯಾದ ಕಲ್ಲಿನ ಗುಡ್ಡವನ್ನು ನದಿ ಹೇಗೆ ಸೀಳಿತು ಎಂದು ಕೇಳಿ. ಒಬ್ಬೊಬ್ಬರು ಒಂದೊಂದು ಉತ್ತರ ಊಹಿಸಿ. ಯಾವ ಊಹೆಯನ್ನು ಹೇಗೆ ಪರೀಕ್ಷಿಸಬಹುದೆಂದು ಚರ್ಚಿಸಿ. ವಿಜ್ಞಾನ ನಡೆಯುವುದು ಹೀಗೆಯೇ.

ನಿಮ್ಮ ಓಣಿಯ ನೇಕಾರರಿಂದ, ಬಡಿಗೇರರಿಂದ, ಕುಂಬಾರರಿಂದ ಅವರ ಕಸುಬಿನ ಮಾತುಗಳನ್ನು ಬರೆದುಕೊಳ್ಳಿ. ಅಜ್ಜಿಯರು ಹೇಳುವ ಒಗಟುಗಳನ್ನು ಕೂಡಿಸಿ. ಪಾವಕಿ, ದೀಡಕಿ ಬಲ್ಲ ಹಿರಿಯರು ಇನ್ನೂ ಇದ್ದರೆ ಅವರ ಮುಂದೆ ಕುಳಿತು, ಬಾಯಿಲೆಕ್ಕದ ಗುಟ್ಟನ್ನು ಬೀಜಗಣಿತದಲ್ಲಿ ಬರೆಯಲು ಯತ್ನಿಸಿ. ಕೈಯಲ್ಲಿರುವ ಮೊಬೈಲಿನಲ್ಲಿ ಒಬ್ಬ ಗೀಗೀ ಹಾಡುಗಾರರ ಪದವನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಆಮೇಲೆ ಅದಕ್ಕೆ ನಿಮ್ಮದೇ ಒಂದು ಜವಾಬು ಕಟ್ಟಿ. ಮೊದಲ ಸಲ ಪ್ರಾಸ ಕೂಡದಿದ್ದರೆ ನಾಚಬೇಡಿ. ನಾಲ್ಕು ಸಲ ಅಳಿಸಿ ಬರೆಯುವುದಕ್ಕೇ ಹಿಂದೆ ಉಸುಕು ಹರವುತ್ತಿದ್ದರು.

ಶಿಕ್ಷಕರಾಗಬೇಕೆಂದಿರುವ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ನಿಮ್ಮ ತರಗತಿಯಲ್ಲಿ ಒಂದು ಮಗು ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳುತ್ತದೆ. ಪಾಠ ಮುಗಿಸುವ ಅವಸರ ನಿಮಗಿರುತ್ತದೆ. ಮೇಲಿನವರು ಫಲಿತಾಂಶ ಕೇಳುತ್ತಿರುತ್ತಾರೆ. ಆ ಒಂದು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಆ ಮಗು ಇನ್ನೊಮ್ಮೆ ಕೈ ಎತ್ತುತ್ತದೆಯೋ ಇಲ್ಲವೋ ಎಂಬುದು ನಿಂತಿದೆ. ಉತ್ತರ ಗೊತ್ತಿಲ್ಲದಿದ್ದರೆ ‘ನನಗೂ ಗೊತ್ತಿಲ್ಲ, ಬಾ, ಕೂಡಿ ಹುಡುಕೋಣ’ ಎನ್ನಿ. ಮಾಸ್ತರ ಎಂಬ ಮಾತಿನ ಎರಡೂ ಅರ್ಥಗಳು ಅಲ್ಲಿ ಒಂದಾಗುತ್ತವೆ.